ದೆವ್ವ ಬರ್ತಿದೆಯೋ, ಹೋಗ್ತಿದೆಯೋ?

ನಂಬಬೇಡಿ. ನನ್ನ ಮಾತು ನಂಬಿ ಉದ್ಧಾರವಾದವರು ಆರ್.ಟಿ. ನಗರದಲ್ಲಿ ಒಬ್ಬರೂ ಇಲ್ಲ. ಮಳೆ ಬರ್ತಿದೆ ಕಣೇ ಅಂದರೆ ನನ್ನ ಹೆಂಡತಿ ಕಿಟಕಿಯಿಂದ ಕೈ ಚಾಚಿ ನೋಡಿಯೇ ಬಟ್ಟೆ ತೆಗೆಯಲು ಹೋಗುತ್ತಾಳೆ. ಅವಳದೇನೂ ತಪ್ಪಿಲ್ಲ. ಒಂದು ಹಿಡಿ ಅಕ್ಕಿ, ಒಂದು ಮೊರ ಇದ್ದರೆ ಸಾಕು, ನಾನು ಮನೆಯೊಳಗೇ ಮಳೆ ತರಿಸುತ್ತೇನೆ.

ಸಿನಿಮಾಕ್ಕೆ ಸದ್ದು ಮಾಡುವುದು ನನ್ನ ಕಸುಬು. ಶೂಟಿಂಗಿನಲ್ಲಿ ಸಿಕ್ಕಿದ ಹೆಜ್ಜೆಯ ಸದ್ದು, ಬಳೆಯ ಸದ್ದು, ಬಾಗಿಲಿನ ಸದ್ದು ಯಾವುದೂ ಕೆಲಸಕ್ಕೆ ಬರುವುದಿಲ್ಲ. ಅದನ್ನೆಲ್ಲ ಆಮೇಲೆ ಸ್ಟುಡಿಯೋದಲ್ಲಿ, ಚಿತ್ರ ನೋಡಿಕೊಂಡು, ಮೈಕಿನ ಮುಂದೆ ಹೊಸದಾಗಿ ಹುಟ್ಟಿಸಬೇಕು. ಅಂದರೆ ಸುಳ್ಳು ಹೇಳುವುದಕ್ಕೇ ನನ್ನನ್ನು ಕರೆಯುತ್ತಾರೆ. ಅಂಥವನು ಈಗ ನಿಮಗೊಂದು ಪಂಥ ಕಟ್ಟುತ್ತಿದ್ದೇನೆ. ಕೆಳಗೆ ಬರೆದಿರುವುದರಲ್ಲಿ ಒಂದೇ ಒಂದು ಸಂಗತಿ ಸುಳ್ಳು. ಯಾವುದು ಅಂತ ಹಿಡಿಯಿರಿ, ನೋಡೋಣ. ಹಿಡಿಯಲಾರಿರಿ.

ಒಂದು ಬೆಳಗ್ಗೆ ನಿರ್ದೇಶಕ ಮನೆಗೆ ಬಂದ. ಯಲಹಂಕದವನು, ಮೂವತ್ತು ದಾಟಿದವನು, ಮದುವೆಗಳ ವಿಡಿಯೋ ತೆಗೆದೂ ತೆಗೆದೂ ಬೇಸತ್ತು ದೆವ್ವಗಳ ಕಡೆ ತಿರುಗಿದವನು.

“ಗುರುಗಳೇ, ಹಾರರ್ ಆಂಥಾಲಜಿ. ನಾಲ್ಕು ಕತೆ, ಒಂದೇ ಸಿನಿಮಾ. ಬಜೆಟ್ ಮಾತ್ರ ಕೇಳ್ಬೇಡಿ.”

“ಕೇಳಲ್ಲಪ್ಪ. ದೆವ್ವ ಎಷ್ಟು?”

“ನಾಲ್ಕು.”

“ಮನೆ?”

“ಒಂದೇ.”

“ನೋಡು, ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯೋ ಕತೆ ಏನಾದ್ರೂ ಇದ್ರೆ ನಾನು ಈಗ್ಲೇ ಎದ್ದು ಹೋಗ್ತೀನಿ.”

“ಎಲ್ಲಿಗೆ ಗುರುಗಳೇ? ಇದು ನಿಮ್ಮನೇನೇ.”

ಹುಡುಗ ನನಗೆ ಹಿಡಿಸಿದ.

ಇಂಥ ಸಿನಿಮಾ ಖಾರದ ಮಿಕ್ಸ್ಚರ್ ಇದ್ದ ಹಾಗೆ ಎಂಬುದು ಅವನ ಸಿದ್ಧಾಂತ. ಒಬ್ಬ ಕಡಲೆಬೀಜ ಆರಿಸಿ ತಿನ್ನುತ್ತಾನೆ, ಇನ್ನೊಬ್ಬ ಕಾಳು, ಮತ್ತೊಬ್ಬ ಕರಿಬೇವು. ಎಲ್ಲವೂ ಇಷ್ಟವಾಯಿತು ಅನ್ನುವವನು ಯಾರೂ ಇಲ್ಲ, ಆದರೆ ತಟ್ಟೆ ಖಾಲಿಯಾಗುತ್ತದೆ. ಒಂದನೆಯ ಕತೆ ಹೆಬ್ಬಾಳದ ಅಪಾರ್ಟ್‌ಮೆಂಟಿನಲ್ಲಿ ಇಲ್ಲದ ಮಹಡಿಗೆ ಹೋಗುವ ಲಿಫ್ಟಿನದು. ಎರಡನೆಯದು ನೀರಿನ ಟ್ಯಾಂಕರ್ ಚಾಲಕನದು. ನಾಲ್ಕನೆಯದು ಸ್ಮಶಾನದ ವಿಳಾಸಕ್ಕೆ ಊಟ ತಲುಪಿಸಲು ಹೋದವನದು. ನಮ್ಮನ್ನು ಕುಣಿಸಿದ್ದು ಮಾತ್ರ ಮೂರನೆಯದು.

ಅದರ ಹೆಸರೇ ‘ಬರ್ತೀನಿ’. ನಮ್ಮಲ್ಲಿ ಹೊರಡುವವರು ಯಾರೂ ‘ಹೋಗ್ತೀನಿ’ ಅನ್ನುವುದಿಲ್ಲ. ಹೋಗುತ್ತಿರುತ್ತೇವೆ, ಬಾಯಲ್ಲಿ ಮಾತ್ರ ‘ಬರ್ತೀನಿ’. ಈ ಕತೆಯಲ್ಲಿ ಹಾಗೆ ಹೇಳಿ ಮನೆಯಿಂದ ಹೊರಟ ಹೆಂಗಸೊಬ್ಬಳು ದಾರಿಯಲ್ಲೇ ಸಾಯುತ್ತಾಳೆ. ಆದರೂ ಕೊಟ್ಟ ಮಾತು ಉಳಿಸಿಕೊಳ್ಳುತ್ತಾಳೆ. ಬರುತ್ತಾಳೆ. ಈಗ ಆ ಮನೆಯಲ್ಲಿ ಬೇರೆ ಸಂಸಾರವಿದೆ, ಅಷ್ಟೇ.

ಶೂಟಿಂಗಿಗೆ ಚಿಕ್ಕಬಾಣಾವರದಲ್ಲಿ ಒಂದು ಹಳೆಯ ಮನೆ ಸಿಕ್ಕಿತು. ಕಲ್ಲು ಹಾಸಿನ ನೆಲ, ಉದ್ದದ ಹಜಾರ. ಮನೆಯ ಒಡತಿ ಬಾಗಲೂರಿನಿಂದ ಮದುವೆಯಾಗಿ ಬಂದವರು. ಮಾತು ಜೋರು, ಮನಸ್ಸೂ ಜೋರು.

“ಬಾಡ್ಗೆ ಗೀಡ್ಗೆ ಏನೂ ಬ್ಯಾಡ ಕಣಪ್ಪ. ಆದ್ರೆ ದೆವ್ವ ಮಾತ್ರ ನಾನೇ ಆಗ್ಬೇಕು.”

“ಅಮ್ಮಾ, ಆ ಪಾತ್ರಕ್ಕೆ ಒಬ್ರು ಆರ್ಟಿಸ್ಟ್ ಇದಾರೆ...” ಅಂತ ನಿರ್ದೇಶಕ ತೊದಲಿದ.

“ನಮ್ಮತ್ತೆ ನಿದ್ದೆ ಕೆಡಬಾರ್ದು ಅಂತ ಈ ಮನೇಲಿ ಜೀವಮಾನವೆಲ್ಲ ಸದ್ದಿಲ್ದೆ ಓಡಾಡಿವ್ನಿ. ನಂಗಿಂತ ಚೆನ್ನಾಗಿ ಓಡಾಡೋ ದೆವ್ವ ಎಲ್ಲದೆ, ಕರ್ಕಂಬಾ.”

ವಾದಕ್ಕೆ ಜಾಗವೇ ಇರಲಿಲ್ಲ. ಅವನು ಹೂಂ ಅನ್ನುವ ಮೊದಲೇ ಅವರು ಬಾಗಲೂರಿನ ತವರಿಗೆ ಫೋನ್ ಹಚ್ಚಿದ್ದರು. “ಅಣ್ಣಾ, ನಾನು ಸಿನ್ಮಾದಾಗೆ ಬತ್ತಾ ಇವ್ನಿ!”

ಕೆಲಸ ಶುರುವಾಯಿತು. ಹಗಲಲ್ಲೇ ಶೂಟಿಂಗ್. ಕಿಟಕಿಗಳಿಗೆಲ್ಲ ಮನೆಯ ಕಂಬಳಿ ಹೊಡೆದು ಕತ್ತಲು ಮಾಡಿದೆವು. ಲಿಫ್ಟ್ ಯಾವುದು ಅಂದುಕೊಂಡಿರಿ? ಅವರ ಮದುವೆಯ ಸ್ಟೀಲ್ ಬೀರು. ಕ್ಯಾಮೆರಾವನ್ನು ಒಳಗಿಟ್ಟು, ಬಾಗಿಲ ಸಂದಿನಲ್ಲಿ ಬೆಳಕು ಬಿಟ್ಟು, ನಟನನ್ನು ಹೊರಗೆ ನಿಲ್ಲಿಸಿದರೆ ಲಿಫ್ಟ್ ತಯಾರು. ಅದಕ್ಕೆ ಮೋಟಾರಿನ ಸದ್ದು ಕೊಟ್ಟಿದ್ದು ನನ್ನ ಮನೆಯ ಮಿಕ್ಸಿ. ಒಳಗೆ ಒಂದಿಷ್ಟು ರಾಗಿ ಹಾಕಿದ್ದೆ, ಗೊಗ್ಗರು ದನಿ ಬರಲಿ ಅಂತ.

ದೆವ್ವದ ಕಾಲು ಹಿಂದುಮುಂದಾಗಿರುತ್ತದೆ ಎಂದು ಯಾರಿಗೆ ಗೊತ್ತಿಲ್ಲ? ಹಾಗಾಗಿ ನಮ್ಮ ಆರ್.ಟಿ. ನಗರದ ಮೇಕಪ್ ಭಾಯಿ ಎರಡು ರಬ್ಬರ್ ಪಾದ ಮಾಡಿ ತಂದ. ಬೆರಳು ಹಿಂದಕ್ಕೆ ಬರುವಂತೆ ಕಣಕಾಲಿಗೆ ಎಲಾಸ್ಟಿಕ್ಕಿನಲ್ಲಿ ಕಟ್ಟುವುದು, ನಿಜವಾದ ಪಾದವನ್ನು ಸೀರೆಯ ಅಂಚಿನಲ್ಲಿ ಮುಚ್ಚುವುದು.

“ನೋಡಿ ಉಸ್ತಾದ್, ಅಸ್ಲಿ ಪಾದಕ್ಕೇ ನಾಚಿಕೆ ಆಗ್ಬೇಕು” ಅಂದ.

ನಾಚಿಕೆ ಆಗುತ್ತದೋ ನೋಡೋಣ ಅಂತ ನಾನು ಒಂದು ಪಾದವನ್ನು ಒಡತಿಯ ಫ್ರಿಜ್ಜಿನಲ್ಲಿ ಇಟ್ಟೆ. ಕಿರುಚಾಟ ಕೇಳಲು ಮೈಕ್ ಹಿಡಿದು ಬಾಗಿಲ ಹಿಂದೆ ಕೂತೆ. ಅವರು ಫ್ರಿಜ್ ತೆಗೆದರು, ನೋಡಿದರು, ಕೂಗಿದರು: “ಯಾವನಯ್ಯ ಅವ್ನು ಮೊಸರಿನ ಪಕ್ಕ ಕಾಲಿಟ್ಟಿರೋನು!” ಹೆದರಿಕೆ ಅನ್ನುವುದು ಹತ್ತಿರ ಸುಳಿಯಲಿಲ್ಲ. ಪುಣ್ಯಾತ್ಗಿತ್ತಿ.

ನಾಲ್ಕೂ ಕತೆ ಜೋಡಿಸಿದ ಮೇಲೆ ಯಲಹಂಕದ ಒಂದು ಪುಟ್ಟ ಹಾಲಿನಲ್ಲಿ ಪರಿಚಿತರಿಗೆ ತೋರಿಸಿದೆವು. ನಮ್ಮ ಕಡೆಯ ಹಳೆಯ ಟಾಕೀಸೊಂದರ ಮ್ಯಾನೇಜರನ್ನೂ ಕರೆದಿದ್ದೆವು. ಅವರು ಒಪ್ಪಿದರೆ ಬೆಳಗಿನ ಆಟ ಸಿಗುತ್ತಿತ್ತು. ಬೇರೆ ಯಾರೂ ನಮ್ಮನ್ನು ಬಾಗಿಲಿನವರೆಗೂ ಬಿಟ್ಟಿರಲಿಲ್ಲ.

ಮಿಕ್ಸ್ಚರ್ ಸಿದ್ಧಾಂತ ನಿಜವಾಯಿತು. ಕಾಲೇಜು ಹುಡುಗರಿಗೆ ಲಿಫ್ಟ್ ಹಿಡಿಸಿತು, ಅಜ್ಜಿಯರಿಗೆ ಟ್ಯಾಂಕರ್. ಒಬ್ಬರು ಎರಡನೆಯ ಕತೆಯಲ್ಲಿ ಗೊರಕೆ ಹೊಡೆದರು. ಅದು ಟ್ಯಾಂಕರಿನ ಸದ್ದೇ ಅಂತ ಪಕ್ಕದವರು ಮೆಚ್ಚಿಕೊಂಡರು. ಆಮೇಲೆ ‘ಬರ್ತೀನಿ’ ಬಂತು. ಒಡತಿ ಬಿಳಿ ಸೀರೆಯಲ್ಲಿ, ಕೂದಲು ಕೆದರಿಕೊಂಡು, ಹಜಾರದಲ್ಲಿ ಗಂಭೀರವಾಗಿ ನಡೆದುಬಂದರು. ನಡುವೆ ಎಡಗಾಲಿನ ಎಲಾಸ್ಟಿಕ್ ಸಡಿಲವಾಗಿತ್ತು. ರಬ್ಬರ್ ಪಾದ ನಿಧಾನವಾಗಿ ತಿರುಗಿ ಮುಂದಕ್ಕೆ ಬಂತು. ಒಂದು ಪಾದ ಯಶವಂತಪುರದ ಕಡೆ, ಇನ್ನೊಂದು ತುಮಕೂರಿನ ಕಡೆ. ಶೂಟಿಂಗಿನಲ್ಲೂ ಜೋಡಿಸುವಾಗಲೂ ನಾವೆಲ್ಲ ಅವರ ಮುಖ ನೋಡುತ್ತಿದ್ದೆವು, ಕಾಲನ್ನು ಒಬ್ಬನೂ ನೋಡಿರಲಿಲ್ಲ.

ಹಿಂದಿನ ಸಾಲಿನಿಂದ ಒಬ್ಬ ಕೂಗಿದ: “ಅಕ್ಕಾ, ಬರ್ತಿದೀಯೋ ಹೋಗ್ತಿದೀಯೋ?”

ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ, ಏನು ಮಾಡಲಿ. ತಿರುಗಿ ನೋಡಿದರೆ ಒಡತಿ ಸೆರಗು ಬಿಗಿಯಾಗಿ ಹೊದ್ದು ಎದ್ದಿದ್ದರು. ನಾಲ್ಕನೆಯ ಕತೆ ಇನ್ನೂ ಶುರುವಾಗಿರಲಿಲ್ಲ.

“ಓಗ್ತೀನಿ ಕಣಣ್ಣ” ಅಂದರು.

ಬತ್ತೀನಿ ಅನ್ನಲಿಲ್ಲ. ಓಗ್ತೀನಿ ಅಂದರು.

ಮ್ಯಾನೇಜರ್ ಹೊರಗೆ ಬಂದು ಖಡಾಖಂಡಿತವಾಗಿ ಹೇಳಿದರು. “ನೋಡಿ, ಮೂರನೇದು ಕಾಮಿಡಿ ಆಗೋಗಿದೆ. ಇಲ್ಲ ತೆಗೀರಿ, ಇಲ್ಲ ರಿಪೇರಿ ಮಾಡಿ. ಮುಂದಿನ ಶುಕ್ರವಾರ ಬೆಳಗಿನ ಆಟ ಕೊಡ್ತೀನಿ. ಹೀಗೇ ತಂದ್ರೆ ಕೊಡಲ್ಲ.”

ಮತ್ತೆ ಶೂಟಿಂಗ್ ಮಾಡುವ ಶಕ್ತಿ ನಮಗಿರಲಿಲ್ಲ. ಕ್ಯಾಮೆರಾ ವಾಪಸ್ಸು ಹೋಗಿತ್ತು. ಮರುದಿನ ಯಶವಂತಪುರದ ನೆಲಮಾಳಿಗೆಯ ಸ್ಟುಡಿಯೋದಲ್ಲಿ ನಿರ್ದೇಶಕ ತಲೆ ಮೇಲೆ ಕೈ ಹೊತ್ತು ಕೂತಿದ್ದ.

“ತೆಗೆದುಬಿಡ್ತೀನಿ ಗುರುಗಳೇ. ಮೂರು ಕತೇಲೇ ಬಿಡೋಣ.”

“ತೆಗಿ. ಆಮೇಲೆ ಬಾಗಲೂರಿನ ನೆಂಟರ ಮುಂದೆ ಆಯಮ್ಮ ಎಲ್ಲಿ ಮುಖ ಇಟ್ಕೊಬೇಕು? ಊರಿಗೆಲ್ಲ ಹೇಳಿದಾರೆ ಕಣೋ.”

“ಇಟ್ರೆ ನಗ್ತಾರೆ, ತೆಗೆದ್ರೆ ಅಳ್ತಾರೆ. ನೀವೇ ಹೇಳಿ, ಏನ್ ಮಾಡ್ಲಿ?”

ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ನಾನು ಮಾಡುವುದು ಒಂದೇ, ಚೇಷ್ಟೆ. ಅವನು ಹೆಡ್‌ಫೋನ್ ಹಾಕಿಕೊಂಡು ಆ ದೃಶ್ಯವನ್ನೇ ಮತ್ತೆ ಮತ್ತೆ ನೋಡುತ್ತಿದ್ದ. ಪಕ್ಕದ ಕೋಣೆಯ ಮೈಕ್ ಆನ್ ಆಗಿತ್ತು, ಅದರ ಸದ್ದು ನೇರ ಅವನ ಕಿವಿಗೆ. ನಾನು ಚಪ್ಪಲಿ ಬಿಟ್ಟು, ಆ ಕೋಣೆಗೆ ಹೋಗಿ, ದೆವ್ವವನ್ನು ಅಣಕಿಸುತ್ತಾ ಹಿಂದು ಹಿಂದಕ್ಕೆ ನಡೆದೆ. ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಹುಡುಗ ಹೆಡ್‌ಫೋನ್ ಕಿತ್ತೆಸೆದು ಓಡಿಬಂದ. ಮುಖ ಸುಣ್ಣವಾಗಿತ್ತು.

“ಯಾರದು? ಬರ್ತಿದ್ರೋ ಹೋಗ್ತಿದ್ರೋ?”

ನಿನ್ನೆ ಹಾಲಿನಲ್ಲಿ ನಗಿಸಿದ ಅದೇ ಪ್ರಶ್ನೆ! ಇವತ್ತು ಕೇಳಿದವನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ.

ನಾನು ಮತ್ತೆ ನಾಲ್ಕು ಹೆಜ್ಜೆ ಇಟ್ಟು ನೋಡಿದೆ. ಮನುಷ್ಯ ನಡೆಯುವಾಗ ಮೊದಲು ಹಿಮ್ಮಡಿ ಊರುತ್ತದೆ, ಆಮೇಲೆ ಬೆರಳು. ಹಿಂದಕ್ಕೆ ನಡೆದರೆ ಮೊದಲು ಬೆರಳು, ಆಮೇಲೆ ಹಿಮ್ಮಡಿ. ಕಿವಿಗೆ ಇದು ಹುಟ್ಟಿದಾಗಿನಿಂದ ಗೊತ್ತು, ತಲೆಗೆ ಮಾತ್ರ ಗೊತ್ತಿಲ್ಲ. ಸದ್ದು ಹತ್ತಿರ ಬರುತ್ತದೆ, ಆದರೆ ಹೆಜ್ಜೆ ದೂರ ಹೋಗುವವರದು. ಕಾಲು ತಿರುಗಿದ ದೆವ್ವ ನಡೆದರೆ ಹೀಗೇ ಅಲ್ಲವೇ ಕೇಳಿಸಬೇಕು?

“ಗುರುಗಳೇ, ದೆವ್ವಾನೇ ತೋರಿಸೋದು ಬೇಡ” ಅಂದ ಹುಡುಗ. “ಖಾಲಿ ಹಜಾರದ ಶಾಟ್ ಇದೆ ನನ್ನತ್ರ. ಖಾಲಿ ನೆಲ, ಮೇಲೆ ಈ ಸದ್ದು. ಅಷ್ಟೇ.”

ಅಲ್ಲಿಂದ ಗೋಳು ಶುರು. ಮಾಮೂಲಿ ಹೆಜ್ಜೆಯ ಸದ್ದನ್ನೇ ಕಂಪ್ಯೂಟರಿನಲ್ಲಿ ಉಲ್ಟಾ ಓಡಿಸಿದರೆ ಸಾಕು ಅಂದ ನಿರ್ದೇಶಕ. ಓಡಿಸಿದ. ಯಾರೋ ಎಳನೀರಿನ ತಳದಲ್ಲಿ ಸ್ಟ್ರಾ ಎಳೆದಂತಿತ್ತು. ಆಮೇಲೆ ನಾನೇ ಚಿತ್ರಕ್ಕೆ ಸರಿಯಾಗಿ ಹಿಂದಕ್ಕೆ ನಡೆದೆ. ಚೇಷ್ಟೆಗೆ ನಡೆದಾಗ ಚೆನ್ನಾಗಿ ಬಂದ ಹೆಜ್ಜೆ ಕೆಲಸ ಅಂತ ನಡೆದಾಗ ಕೈಕೊಟ್ಟಿತು. ಎಲ್ಲಿ ಬೀಳುತ್ತೇನೋ ಅನ್ನುವ ಭಯಕ್ಕೆ ಕಾಲು ಎಳೆಯುತ್ತಿತ್ತು. ಕೇಳಿದರೆ ದೆವ್ವವಲ್ಲ, ಗೊರಗುಂಟೆಪಾಳ್ಯದಲ್ಲಿ ಬಸ್ಸು ತಪ್ಪಿಸಿಕೊಂಡ ಕುಡುಕ. ನಡುನಡುವೆ ರೈಲು ಬಂದು ನೆಲಮಾಳಿಗೆಯನ್ನೇ ಅಲ್ಲಾಡಿಸುತ್ತಿತ್ತು. ಮೇಕಪ್ ಭಾಯಿಯನ್ನೂ ನಡೆಸಿ ನೋಡಿದೆವು. ಅವನು ಮೈಕಿಗೇ ಡಿಕ್ಕಿ ಹೊಡೆದ.

“ನಂಗೆ ಬೈಬೇಡಿ ಉಸ್ತಾದ್. ಹಿಂದೆ ಕಣ್ಣಿಲ್ಲ, ನಾನೇನ್ ಮಾಡ್ಲಿ?”

ಕೊನೆಗೆ ನಾನೂ ಭಾಯಿಯೂ ಚಿಕ್ಕಬಾಣಾವರಕ್ಕೆ ಹೊರಟೆವು. ಮುಖ ಕತ್ತರಿಸುತ್ತಿದ್ದೇವೆ ಎಂದು ಒಡತಿಗೆ ಹೇಳಲೇಬೇಕಿತ್ತಲ್ಲ. ನಿರ್ದೇಶಕನಿಗೆ ಅಂದು ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂತು.

ಬಾಗಿಲು ತೆರೆದಿತ್ತು. ಒಡತಿ ಬೆನ್ನು ನಮ್ಮ ಕಡೆ ಮಾಡಿ, ಸೊಂಟ ಬಗ್ಗಿಸಿ, ಒದ್ದೆ ಬಟ್ಟೆಯಲ್ಲಿ ನೆಲ ಒರೆಸುತ್ತಾ ಹಿಂದು ಹಿಂದಕ್ಕೆ ಬರುತ್ತಿದ್ದರು. ಒರೆಸಿದ ನೆಲ ತುಳಿಯಬಾರದಲ್ಲ, ಅದಕ್ಕೆ. ಬರಿಗಾಲು. ಮೊದಲು ಕಾಲುಂಗುರ ಕಲ್ಲಿಗೆ ತಾಗಿ ‘ಟಿಣ್’. ಆಮೇಲೆ ಹಿಮ್ಮಡಿ ‘ದಬ್’. ಟಿಣ್, ದಬ್. ಟಿಣ್, ದಬ್. ಒಂದಿಷ್ಟೂ ಅಳುಕಿಲ್ಲ, ಎಳೆತವಿಲ್ಲ. ಭಾಯಿ ನನ್ನ ತೋಳು ಹಿಡಿದುಕೊಂಡ.

“ನೆಲ ಅಸಿ ಅದೆ. ಅಲ್ಲೇ ನಿಂತ್ಕಳಿ” ಅಂದರು, ತಿರುಗಿ ನೋಡದೆಯೇ.

ಹೊಸಿಲಾಚೆ ನಿಂತೇ ಎಲ್ಲವನ್ನೂ ಹೇಳಿದೆ. ನಗೆಚಾಟಿಕೆ ಬಿಟ್ಟು ಹೇಳಿದೆ. ಅವರು ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದರು.

“ಅಂಗಾದ್ರೆ ಮುಖ ಬ್ಯಾಡ. ಕಾಲಷ್ಟೇ ಬೇಕು.”

“ಕಾಲೂ ಕಾಣಲ್ಲಮ್ಮ. ಸದ್ದು ಅಷ್ಟೇ.”

“ಬಾಗ್ಲೂರಿಂದ ಅಣ್ಣನ್ ಮನೇರೆಲ್ಲ ಗಾಡಿ ಮಾಡ್ಕಂಡು ಬತ್ತಾವ್ರೆ. ಅವ್ರಿಗೇನ್ ತೋರಿಸ್ಲಿ ನಾನು? ಖಾಲಿ ನೆಲಾನಾ?”

“ತೋರಿಸ್ಬೇಡಿ. ಹೆದರಿಸಿ” ಅಂದೆ. “ಅವತ್ತು ನಿಮ್ಮನ್ನ ನೋಡಿ ನಕ್ರಲ್ಲ, ಅವರ ಉಸಿರು ನಿಲ್ಲಿಸಿ. ನನ್ನ ಕೈಲಿ ಆಗ್ಲಿಲ್ಲಮ್ಮ. ನಿಮ್ಮ ಕಾಲಿಗೆ ಆಗುತ್ತೆ.”

ಅವರು ತಮ್ಮ ಪಾದವನ್ನೊಮ್ಮೆ ನೋಡಿಕೊಂಡರು.

“ಸರಿ. ಆದ್ರೆ ಎಸರು ಮೊದ್ಲು ಬರ್ಬೇಕು. ಎಲ್ರಿಗಿಂತ ಮೊದ್ಲು.”

ಭಾಯಿ ಅಡುಗೆಮನೆಯ ಕಡೆ ನೋಡಿದ. ಒಲೆಯ ಮೇಲಿಡುವ ಎಸರಲ್ಲಪ್ಪ, ಹೆಸರು, ಪರದೆ ಮೇಲೆ ಬರುವ ಹೆಸರು ಎಂದು ನಾನು ಬಿಡಿಸಿ ಹೇಳಬೇಕಾಯಿತು.

ಸ್ಟುಡಿಯೋದ ನೆಲ ನಯವಾದ ಟೈಲ್ಸ್, ಅದಕ್ಕೆ ಕಾಲುಂಗುರದ ಮಾತು ಅರ್ಥವಾಗುವುದಿಲ್ಲ. ಗೊರಗುಂಟೆಪಾಳ್ಯದ ಕಲ್ಲಿನ ಅಂಗಡಿಯಿಂದ ಕಡಪ ಕಲ್ಲಿನ ಚಪ್ಪಡಿಗಳನ್ನು ಲಗೇಜ್ ಆಟೋದಲ್ಲಿ ತಂದೆವು. ನೇರ ನೆಲಕ್ಕೆ ಹಾಸಿದರೆ ಟೊಳ್ಳು ಸದ್ದು ಬರುತ್ತದೆಂದು ಕೆಳಗೆ ಮರಳು ಸುರಿದು, ತಟ್ಟಿ, ಮಟ್ಟ ಮಾಡಿ ಕೂರಿಸಿದೆವು. ಒಂದು ಮೈಕ್ ಪಾದದ ಮಟ್ಟಕ್ಕೆ, ಇನ್ನೊಂದು ಕೋಣೆಯ ಮೂಲೆಗೆ. ಸೀರೆಯ ಸರಸರ ಸದ್ದು ಬೇಡವೆಂದು ಅಂಚನ್ನು ಒದ್ದೆ ಮಾಡಿದೆವು.

ಒಡತಿ ನಿಂತರು. ನಡೆದರು. ಎಡವಿದರು. ಮತ್ತೆ ನಡೆದರು. ಮತ್ತೆ ಎಡವಟ್ಟು. ನಿರ್ದೇಶಕನಿಗೆ ನಿಜವಾದ ಹೊಟ್ಟೆನೋವೇ ಬರುವ ಹಾಗಿತ್ತು.

“ಏನಮ್ಮ, ಮನೇಲಿ ಅಷ್ಟು ಚೆನ್ನಾಗಿ ಬಂದ್ರಲ್ಲ?”

“ಕೈಯಾಗೆ ಬಟ್ಟೆ ಇಲ್ದೆ ಯಂಗಪ್ಪ ಇಂದಕ್ಕೆ ಓಗೋದು? ಬರೀ ಕೈಯಾಗೆ ಇಂದಕ್ಕೆ ನಡ್ಯಾಕೆ ನಂಗೇನ್ ಉಚ್ಚಾ?”

ಬಟ್ಟೆ ಕೊಟ್ಟೆವು. ಒಣಬಟ್ಟೆ ಆಗುವುದಿಲ್ಲ ಅಂದರು. ಒದ್ದೆ ಬಟ್ಟೆ ಕೊಟ್ಟೆವು. ಬಗ್ಗಿದರು. ರೈಲು ಹಾದುಹೋಗುವವರೆಗೆ ಕಾದೆವು. ಆಮೇಲೆ ಆ ಹೆಜ್ಜೆಗಳು ಬಂದವು ನೋಡಿ, ಟಿಣ್ ದಬ್, ಟಿಣ್ ದಬ್. ಗಾಜಿನಾಚೆ ಕೂತಿದ್ದ ನಿರ್ದೇಶಕ ಕಾಲು ಎತ್ತಿ ಕುರ್ಚಿಯ ಮೇಲಿಟ್ಟುಕೊಂಡ. ನಮ್ಮ ಸಿನಿಮಾದ ಅತಿ ಭಯಾನಕ ದೃಶ್ಯವೆಂದರೆ ಒಬ್ಬ ಗೃಹಿಣಿ ಕಡಪ ಕಲ್ಲು ಒರೆಸಿದ್ದು. ಕೊನೆಯಲ್ಲಿ ದೆವ್ವದ ಒಂದೇ ಮಾತು. ನಿರ್ದೇಶಕ ಬರೆದದ್ದು ‘ಬರ್ತೀನಿ’, ಅವರ ಬಾಯಲ್ಲಿ ಬಂದದ್ದು ‘ಬತ್ತೀನಿ’. ಹಾಗೇ ಇಟ್ಟೆವು.

ಶುಕ್ರವಾರ ಬೆಳಗಿನ ಆಟ. ಬಾಗಲೂರಿನ ಗಾಡಿ ಟಾಕೀಸಿನ ಮುಂದೆ ನಿಂತಾಗ ಮ್ಯಾನೇಜರೇ ಗಾಬರಿಯಾದರು. ಅಷ್ಟು ಜನ ನೆಂಟರು. ಒಡತಿ ರೇಷ್ಮೆ ಸೀರೆಯುಟ್ಟು ನಡುವೆ ಕೂತರು. ಅವರ ಪಕ್ಕ ನಾನು, ನನ್ನ ಪಕ್ಕ ಭಾಯಿ. ಹೆಸರು ಎಲ್ಲರಿಗಿಂತ ಮೊದಲು ಬಂತು. ನೆಂಟರು ಶಿಳ್ಳೆ ಹೊಡೆದರು. ಲಿಫ್ಟಿಗೆ ಒಂದಷ್ಟು ಜನ ಹೆದರಿದರು, ಟ್ಯಾಂಕರಿಗೆ ಒಂದಷ್ಟು ಜನ ಫೋನ್ ನೋಡಿಕೊಂಡರು.

ಮೂರನೆಯದು ಶುರುವಾಯಿತು. ಪರದೆಯ ಮೇಲೆ ಖಾಲಿ ಹಜಾರ. ಟಿಣ್, ದಬ್. ಟಿಣ್, ದಬ್. ಹಿಂದಿನ ಸ್ಪೀಕರಿನಿಂದ ಶುರುವಾದ ಸದ್ದು ತಲೆಗಳ ಮೇಲೆ ಹಾದು ಮುಂದಕ್ಕೆ ಬರತೊಡಗಿತು. ಇಡೀ ಟಾಕೀಸು ಉಸಿರು ಬಿಗಿಹಿಡಿಯಿತು. ಬಾಗಲೂರಿನ ಅಣ್ಣ ಎರಡೂ ಕಾಲು ಮೇಲೆತ್ತಿಕೊಂಡರು. ಭಾಯಿ ತನ್ನ ದೇವರನ್ನು ನೆನೆದ. ನಾನೊಬ್ಬ ಮಾತ್ರ ಹಾಯಾಗಿ ಒರಗಿ ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದೆ. ಹೆದರಿಕೆ ಹುಟ್ಟಿಸುವವನಿಗೆ ಎಲ್ಲಿಯ ಹೆದರಿಕೆ?

ಆ ಮೌನದಲ್ಲಿ ಹಿಂದಿನ ಸಾಲಿನ ಹುಡುಗನೊಬ್ಬ ಸಣ್ಣ ದನಿಯಲ್ಲಿ ಕೇಳಿದ: “ಮಗಾ... ಅದು ಬರ್ತಿದ್ಯೋ ಹೋಗ್ತಿದ್ಯೋ?”

ನನ್ನ ಪಕ್ಕದಲ್ಲಿ ರೇಷ್ಮೆ ಸರಕ್ಕೆಂದಿತು. ಒಡತಿ ಎದ್ದು ನಿಂತು, ಹಿಂದಕ್ಕೆ ತಿರುಗಿ, ಪರದೆಯ ಮಸುಕು ಬೆಳಕಿನಲ್ಲಿ ಅವನ ಮುಖಕ್ಕೇ ನೇರವಾಗಿ ಹೇಳಿದರು:

“ಬತ್ತಾ ಇವ್ನಿ ಕಣಪ್ಪ, ಬತ್ತಾ ಇವ್ನಿ!”

ಆಮೇಲೆ ಎದ್ದ ಕೂಗನ್ನು ನಾನು ಯಾವ ಸ್ಟುಡಿಯೋದಲ್ಲೂ ಹುಟ್ಟಿಸಲಾರೆ. ಇಬ್ಬರು ಬಾಗಿಲವರೆಗೂ ಓಡಿದರು. ಮ್ಯಾನೇಜರ್ ಟಾರ್ಚ್ ಹಿಡಿದು ಬಂದರು. ಒಡತಿ ಆಗಲೇ ಕೂತು ಸೆರಗು ಸರಿಮಾಡಿಕೊಳ್ಳುತ್ತಿದ್ದರು, ಏನೂ ಅರಿಯದವರ ಹಾಗೆ.

ಹೊರಗೆ ಅಭಿಪ್ರಾಯಗಳು ಎಂದಿನಂತೆ ದಿಕ್ಕಿಗೊಂದು. “ದೆವ್ವಾನೇ ತೋರಿಸ್ಲಿಲ್ಲ ಮಚ್ಚಾ, ಮೋಸ” ಅಂತ ಒಬ್ಬ. “ತೋರಿಸ್ಲಿಲ್ಲ ಸರಿ, ನೀನ್ಯಾಕೋ ನನ್ನ ತೊಡೆ ಮೇಲೆ ಕೂತಿದ್ದೆ?” ಅಂತ ಅವನ ಗೆಳೆಯ. ಮುಂದಿನ ವಾರಕ್ಕೂ ಆಟ ಇರಲಿ ಅಂದರು ಮ್ಯಾನೇಜರ್, ಆದರೆ ಆ ಹೆಂಗಸು ದಿನಾ ಬರ್ತಾರಾ ಅಂತ ನಿರ್ದೇಶಕನನ್ನು ಪಕ್ಕಕ್ಕೆ ಕರೆದು ಕೇಳಿದರು.

ಬಾಗಲೂರಿನ ಗಾಡಿ ಹೊರಟಿತು. ಒಡತಿ ಕಿಟಕಿಯಿಂದ ತಲೆ ಹೊರಗೆ ಹಾಕಿ, ನನ್ನ ಕಡೆ ಕೈ ಬೀಸಿದರು.

“ಬತ್ತೀನಿ ಕಣಣ್ಣ!”

“ಬನ್ನಿ ಬನ್ನಿ” ಅಂದೆ. ದೆವ್ವವನ್ನು ಹೀಗೆ ಎರಡೆರಡು ಸಲ ಕರೆದದ್ದು ನನ್ನ ಜೀವನದಲ್ಲೇ ಅದೇ ಮೊದಲು.

ಹಿಡಿದಿರಾ ಸುಳ್ಳನ್ನು? ಸ್ಟೀಲ್ ಬೀರು ಅಂದಿರಾ? ಚಿಕ್ಕಬಾಣಾವರದಲ್ಲಿ ಈಗಲೂ ಇದೆ, ಒಳಗೆ ಸೀರೆಗಳಿವೆ. ತಿರುಗಿದ ರಬ್ಬರ್ ಪಾದವೇ? ನನ್ನ ಮನೆಯ ಶೋಕೇಸಿನಲ್ಲಿದೆ. ಒಡತಿ ಎದ್ದು ನಿಂತದ್ದೇ? ಟಾಕೀಸು ತುಂಬ ಸಾಕ್ಷಿಗಳಿದ್ದಾರೆ, ಇಬ್ಬರು ಬಾಗಿಲ ಹತ್ತಿರ.

ಸುಳ್ಳು ಕಡಲೆಕಾಯಿಯದು. ಕಡಲೆಕಾಯಿ ಒಯ್ದಿದ್ದು ನಿಜ, ತಿಂದದ್ದು ಸುಳ್ಳು. ನಾನೇ ಹಿಡಿದ ಸದ್ದು, ನಾನೇ ಹಾಸಿದ ಕಲ್ಲು, ಬಟ್ಟೆ ಒದ್ದೆ ಮಾಡಿಕೊಟ್ಟದ್ದೂ ನಾನೇ. ಆದರೂ ಆ ಎರಡನೆಯ ಟಿಣ್ ನನ್ನ ಬೆನ್ನ ಹಿಂದೆ ಕೇಳಿದಾಗ ಪೊಟ್ಟಣ ನನ್ನ ಕೈಯಿಂದ ಹಾರಿಹೋಗಿತ್ತು. ಮುಂದಿನ ಸಾಲಿನಲ್ಲಿದ್ದ ನಿರ್ದೇಶಕ ಮನೆಗೆ ಹೋಗಿ ತಲೆ ಬಾಚಿಕೊಂಡಾಗಲೂ ಕಡಲೆಕಾಯಿ ಉದುರಿತಂತೆ.